ಓರೆ ಹಿಡಿದ ದೋಣಿ

ಈಗಷ್ಟೇ ಸಂಜೆಯ ರೈಲು ಕೂಗಿಕೊಂಡು ಹೋಯಿತು. ನಿವೃತ್ತ ಮೇಷ್ಟರ ಪಾಡು ನೋಡಿ ಮಾರಾಯರೇ, ರೈಲು ಕೂಗಿದರೂ ಬಾಯಿ ತನ್ನಷ್ಟಕ್ಕೆ 'ಸರಳರೇಖಾ ಚಲನೆಗೆ ಉದಾಹರಣೆ' ಎನ್ನುತ್ತದೆ. ಎನ್ನುತ್ತಲೇ ಒಂದು ಹಳೆಯ ಉತ್ತರಪತ್ರಿಕೆ ನೆನಪಾಗುತ್ತದೆ.

ನಾನು ಬಯಲುಸೀಮೆಯವನು. ನೀರು ಎಂದರೆ ಕೊಡದಲ್ಲಿ ಇರುವುದು ಎಂದುಕೊಂಡು ಬೆಳೆದವನು. ಬೀಜಾಡಿ ಹತ್ತಿರದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟರಾಗಿ ಬಂದಾಗ ಕರಾವಳಿಗೆ ರೈಲು ಹೊಸತು. ನನ್ನ ತರಗತಿಯ ಮಕ್ಕಳಲ್ಲಿ ಮುಕ್ಕಾಲು ಮಂದಿ ಅದನ್ನು ಹತ್ತಿರಲಿಲ್ಲ. ಆದರೂ ನೇರ ಚಲನೆಗೆ ರೈಲು ಎಂದೇ ಬರೆಯಬೇಕು. ವೃತ್ತೀಯ ಚಲನೆಗೆ ಫ್ಯಾನು, ಆಂದೋಲನಕ್ಕೆ ಗಡಿಯಾರದ ಲೋಲಕ, ಅಡ್ಡಾದಿಡ್ಡಿ ಚಲನೆಗೆ ಸೊಳ್ಳೆ. ನಮ್ಮ ಶಾಲೆಯಲ್ಲಿ ಫ್ಯಾನೂ ಇರಲಿಲ್ಲ, ಲೋಲಕದ ಗಡಿಯಾರವೂ ಇರಲಿಲ್ಲ. ಸೊಳ್ಳೆ ಮಾತ್ರ ಧಾರಾಳವಾಗಿತ್ತು.

ಒಂಬತ್ತನೇ ತರಗತಿಯಲ್ಲಿ ಗಿರಿಜ ಎಂಬ ಹುಡುಗಿ ಇದ್ದಳು. ಅಪ್ಪ ದೋಣಿಗೆ ಹೋಗುವವರು, ತಾಯಿ ಬುಟ್ಟಿ ಹೊತ್ತು ಮೀನು ಮಾರುವವರು. ವಾರ್ಷಿಕ ಪರೀಕ್ಷೆಯಲ್ಲಿ ಅವಳು ಆಂದೋಲನಕ್ಕೆ ಲಂಗರು ಹಾಕಿದ ದೋಣಿ ಎಂದು ಬರೆದಿದ್ದಳು. ನೇರ ಚಲನೆಗೆ, 'ದೋಣಿ ಆಚೆ ದಡಕ್ಕೆ ಹೋಗುವುದು. ನೇರ ಹೋಗಬೇಕಾದರೆ ದೋಣಿಯನ್ನು ಓರೆ ಹಿಡಿಯಬೇಕು' ಎಂದು ಬರೆದಿದ್ದಳು. ನಾನು ಎರಡಕ್ಕೂ ಸೊನ್ನೆ ಹಾಕಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ತರಗತಿಯಲ್ಲಿ ಅವಳನ್ನು ಎದ್ದು ನಿಲ್ಲಿಸಿ, ಉತ್ತರ ಗಟ್ಟಿಯಾಗಿ ಓದಿ, "ಓರೆ ಹಿಡಿದರೆ ನೇರ ಹೋಗುವ ದೋಣಿಯಂತೆ, ಕೇಳಿದಿರಾ?" ಎಂದು ನಕ್ಕೆ. ಮೇಷ್ಟರು ನಕ್ಕ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ದೋಣಿಯಲ್ಲಿ ಹುಟ್ಟಿ ಬೆಳೆದವರೂ ನಕ್ಕರು.

ಗಿರಿಜ ವಿಜ್ಞಾನದಲ್ಲಿ ಎರಡು ಅಂಕಕ್ಕೆ ಫೇಲಾದಳು. ತಾಯಿ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಬಂದು ನಿಂತರು. "ಮಾಷ್ಟ್ರೇ, ಇನ್ನೊಂದ್ ಸಲ ಓದಿ ಕಾಣಿ. ಈ ವರ್ಷ ಹೋದ್ರೆ ಅವ್ಳಪ್ಪ ಮತ್ತೆ ಶಾಲಿಗೆ ಕಳ್ಸುದಿಲ್ಲ."

"ತಪ್ಪು ಉತ್ತರಕ್ಕೆ ಅಂಕ ಕೊಡೋಕೆ ಬರಲ್ಲಮ್ಮ" ಎಂದೆ. ಪೇಪರು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ತೆಗೆದು ನೋಡಲಿಲ್ಲ. ಗಿರಿಜ ಮೀನು ಆಯುವ ಕೆಲಸಕ್ಕೆ ಹೋಗತೊಡಗಿದಳು.

ಎರಡು ವರ್ಷ ಕಳೆದಿರಬೇಕು. ಮದುವೆಯೊಂದಕ್ಕೆ ಕುಂದಾಪುರದಿಂದ ಗಂಗೊಳ್ಳಿಗೆ ದೋಣಿಯಲ್ಲಿ ಹೊರಟೆ. ನನ್ನ ಜನ್ಮದ ಮೊದಲ ದೋಣಿ. ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಗಂಗೊಳ್ಳಿ ಎದುರಿಗೇ ಕಾಣುತ್ತಿದ್ದರೂ ದೋಣಿಯವರು ಹೊಳೆಯ ಮೇಲ್ಗಡೆಗೆ ತಿರುಗಿಸಿ ಹಿಡಿದಿದ್ದರು. "ಹ್ವಾಯ್, ಊರು ಆಚೆಗಲ್ವಾ?" ಎಂದೆ.

ಅವರು ನಕ್ಕರು. "ಇಳ್ತದ್ ಹೊತ್ತ್ ಮಾಷ್ಟ್ರೇ, ನೀರ್ ಸಮುದ್ರದ್ ಬದಿಗೆ ಹರಿತಾ ಇತ್ತ್. ಸಮಾ ಹಿಡ್ರೆ ಸಮುದ್ರಕ್ಕೇ ಹೋಪುದ್. ಹೀಂಗ್ ಓರೆ ಹಿಡ್ರೆ ನೀರೇ ನಮ್ಮನ್ನ್ ಸಮಾ ಮಾಡತ್ತ್."

ದೋಣಿ ಓರೆಯಾಗಿಯೇ ಇತ್ತು. ಆದರೆ ಗಂಗೊಳ್ಳಿಯ ದೋಣಿ ನಿಲ್ಲಿಸುವ ದಕ್ಕೆ ನನ್ನ ಕಣ್ಣೆದುರು ಗೆರೆ ಎಳೆದ ಹಾಗೆ ನೇರವಾಗಿ ಹತ್ತಿರ ಬಂತು. ಮದುವೆಯಲ್ಲಿ ಏನು ಉಂಡೆನೋ ನೆನಪಿಲ್ಲ. ವಾಪಸು ಬಂದವನು ಗಿರಿಜಳ ಮನೆಗೆ ಹೋಗಬಹುದಿತ್ತು. ಶಾಲೆಯಿಂದ ಅರ್ಧ ಗಂಟೆಯ ನಡಿಗೆ. ನಾಳೆ, ನಾಡಿದ್ದು ಎನ್ನುತ್ತ ಹೋಗಲೇ ಇಲ್ಲ. ಮುಂದಿನ ವರ್ಷವೂ ರೈಲನ್ನೇ ಬರೆಸಿದೆ. ಅಂಜುಬುರುಕತನಕ್ಕೆ ಪಠ್ಯಪುಸ್ತಕಕ್ಕಿಂತ ಒಳ್ಳೆಯ ಮರೆ ಇಲ್ಲ.

ಹೋದ ಭಾನುವಾರ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಡುವ ಹೆಂಗಸು "ಮಾಷ್ಟ್ರ್ ಅಲ್ದಾ?" ಎಂದಳು. ಗಿರಿಜ. ನಲವತ್ತು ದಾಟಿಲ್ಲ, ಬೆರಳುಗಳಿಗೆ ಮಾತ್ರ ಅರವತ್ತಾಗಿದೆ. ಇಷ್ಟು ವರ್ಷ ಕಟ್ಟಿಟ್ಟದ್ದು ನನ್ನ ಬಾಯಿಂದ ಒಮ್ಮೆಲೇ ಬಂತು. "ಗಿರಿಜ, ಆವತ್ತು ನಿನ್ನ ಉತ್ತರ ಸರಿ ಇತ್ತಮ್ಮ. ತಪ್ಪು ನನ್ನದು."

ಅವಳು ತಲೆ ಎತ್ತಲಿಲ್ಲ. "ಸರಿ ಇತ್ತ್ ಅಂದೇಳಿ ನಂಗ್ ಆವತ್ತೇ ಗೊತ್ತಿತ್ತ್."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವ್ ನಗಾಡ್ತಾ ಇದ್ರಿ ಅಲ್ದಾ?"

ಕ್ಷಮೆ ಕೇಳಲು ಬಾಯಿ ತೆರೆದೆ. ನನ್ನ ಹಿಂದೆ ಇನ್ನೂ ನಾಲ್ಕು ಜನ ಚೀಲ ಹಿಡಿದು ನಿಂತಿದ್ದರು. ಅವಳು ಬಂಗುಡೆಯನ್ನು ಹಲಗೆಗೆ ಒತ್ತಿ ಹಿಡಿದು ಕೇಳಿದಳು, "ತಲಿ ಬೇಕಾ ಮಾಷ್ಟ್ರೇ, ಬಿಸಾಡುದಾ?"