ಅಕ್ಕನ ಮೂರು ಎಲೆಗಳು

ಅವ್ವ ತೀರಿಕೊಂಡ ಮೇಲೆ ನನಗೆ ಏನೂ ಅನಿಸುತ್ತಿರಲಿಲ್ಲ. ಹಿರೇಕೆರೂರಿನ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ, ಉಣ್ಣುತ್ತಿದ್ದೆ. ಫೋನ್ ಮಾಡಿದವರಿಗೆ ‘ಹ್ಞೂ’ ಎನ್ನುತ್ತಿದ್ದೆ. ಹತ್ತಿಮತ್ತೂರಿನ ಒಕ್ಕಲುತನದ ಮನೆ ಸೇರಿದ್ದ ಅಕ್ಕನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಹಿಂದೆ ಅವಳು ಒಂದಾಡಿದರೆ ನಾನು ಹತ್ತಾಡಿ ಜಗಳ ತೆಗೆಯುತ್ತಿದ್ದವಳು. ಒಂದು ದಿನ ಅಕ್ಕ ಬಂದು ನನ್ನ ಮೊಬೈಲಿಗೆ ಇಸ್ಪೀಟಿನಂಥ ಎಲೆಯಾಟದ ಗೇಮ್ ಹಾಕಿದಳು.

“ಮಾತು ಬ್ಯಾಡಂದ್ರ ಬ್ಯಾಡ. ದಿನಾ ಸಂಜಿಗೆ ನನ್ನ ಕೂಡ ಒಂದಾಟ ಆಡು” ಎಂದು ಹೇಳಿ ಹೋದಳು.

ಎಲೆಗಳನ್ನು ಮೊದಲೇ ಆರಿಸಿ ಕಟ್ಟು ಮಾಡಿಕೊಂಡು ಎದುರಾಳಿಯ ಜೀವ ಇಳಿಸುವ ಆಟ ಅದು. ಅಕ್ಕನ ಕಟ್ಟು ಮಹಾ ಅಪಾಯದ್ದು. ರಥಕ್ಕೆ ಹೂಡುವ ಎತ್ತು, ಅದನ್ನು ಎರಡು ಮಾಡುವ ಕನ್ನಡಿ, ಎರಡಕ್ಕೂ ಬಲ ತುಂಬುವ ಸಿಡಿಲು. ಮೂರೂ ಕೂಡಿದರೆ ಒಂದೇ ಸರದಿಯಲ್ಲಿ ನನ್ನ ಕತೆ ಮುಗಿಯುತ್ತಿತ್ತು. ದಿನವೂ ಸೋಲುತ್ತಿದ್ದೆ, ಬೇಸರವೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ದವಡೆಯಂತೆ ಇದ್ದೆ.

ಯಾಕೋ ಒಮ್ಮೆ ನನ್ನ ದೊಡ್ಡ ಎಲೆಗಳನ್ನು ತೆಗೆದು ಕಳ್ಳರನ್ನು ತುಂಬಿಕೊಂಡೆ. ಕಳ್ಳನೆಂಬ ಎಲೆ ಎದುರಾಳಿಯ ಕೈ ತೆರೆದು ತೋರಿಸಿ, ಅದರಲ್ಲಿ ಒಂದನ್ನು ಕದಿಯುತ್ತದೆ. ಯಾವುದು ಎಂಬುದು ಕಳ್ಳನ ಇಷ್ಟ.

ಅವತ್ತು ಅಕ್ಕನ ಕೈ ತೆರೆದಾಗ ಎತ್ತು, ಸಿಡಿಲು, ಎರಡೆರಡು ಕನ್ನಡಿ ಕಂಡವು. ಕಳ್ಳ ಒಂದು ಕನ್ನಡಿ ಒಯ್ದ. ಉಳಿದದ್ದು ಅವಳಿಗೆ ಸಾಕಾಗಿತ್ತು. ಸಾಯಲು ಕಾದು ಕುಳಿತೆ. ಅವಳು ಎತ್ತು ಮುಟ್ಟದೆ ಸರದಿ ಬಿಟ್ಟಳು. ಮುಂದಿನ ಸರದಿಯನ್ನೂ ಬಿಟ್ಟಳು. ನಾನು ಗೆದ್ದೆ.

ನಾನೇ ಫೋನ್ ಮಾಡಿದೆ. “ಯಕ್ಕಾ, ಎತ್ತು ಕೈಯಾಗ ಇತ್ತಲ್ಲ, ಯಾಕ ಹಾಕಲಿಲ್ಲ?”

“ಇವತ್ತ ಸೋಮವಾರ. ಸೋಮವಾರ ಯಾರರ ಎತ್ತು ಹೂಡ್ತಾರೇನ?”

ಸೋಮವಾರ ಬಸವಣ್ಣನ ದಿನ, ನಮ್ಮ ಕಡೆ ಎತ್ತಿಗೆ ನೊಗ ಇಡುವುದಿಲ್ಲ. ಹಿಂದಿನ ಸೋಮವಾರಗಳಂದೆಲ್ಲ ಸಣ್ಣ ಎಲೆಗಳಿಂದಲೇ ನನ್ನನ್ನು ಮುಗಿಸಿದ್ದಳಂತೆ. ನಾನು ಗಮನಿಸಿರಲೇ ಇಲ್ಲ. ಸಿಟ್ಟು ನೆತ್ತಿಗೇರಿತು.

“ನಿನ್ನ ಆಟಕ್ಕಿಷ್ಟು ಬೆಂಕಿ ಹಚ್ಚ! ನಾ ಇಲ್ಲಿ ತಲಿ ಕೆಡಿಸ್ಕೊಂಡು ಆಡಾಕತ್ತೇನಿ, ನೀ ಮೊಬೈಲಿನ ಎತ್ತಿಗೆ ಸೂಟಿ ಕೊಟ್ಟು ಕುಂತೀಯಲ್ಲ!”

ಅಕ್ಕ ತಿರುಗಿ ಬೈಯಲಿಲ್ಲ. ಆ ಕಡೆಯಿಂದ ಬಿಕ್ಕುವ ಸದ್ದು ಕೇಳಿತು.

“ಬೈ, ನನ್ನವ್ವಾ, ಇನ್ನಷ್ಟು ಬೈ” ಎಂದಳು. “ಅವ್ವನ ಹಿಂದ ನೀನೂ ಹೋದಿ ಅಂದ್ಕೊಂಡಿದ್ನಿ.”