ಐಸ್‌ನಲ್ಲಿಟ್ಟ ಚೀಲ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಗೌರಿ, ಪಿಯುಸಿ ಓದುವ ನನ್ನ ಮಗಳು, ಬಚ್ಚಲಿನಿಂದಲೇ ಕೂಗಿದಳು. ಉಗುಳಿದ ನೊರೆಯೆಲ್ಲ ಕೆಂಪಾಗಿತ್ತು. ಜ್ವರ ಬಂದು ನಾಲ್ಕು ದಿನವಾಗಿತ್ತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಡೆಂಗಿ ಎಂದರು.

"ಪ್ಲೇಟ್‌ಲೆಟ್ ಭಾಳ ಇಳದಾವ್ರಿ, ವಸಡಿನ ರಕ್ತ ನಿಂತಿಲ್ಲ. ಜಲ್ದಿ ಹಾಕಬೇಕು," ಎಂದರು ಡಾಕ್ಟರ್. ಬಳ್ಳಾರಿಯ ಬ್ಲಡ್ ಬ್ಯಾಂಕಿನಿಂದ ತರಬೇಕಿತ್ತು. ಗಂಡನನ್ನು ಮಗಳ ಹತ್ತಿರ ಕೂರಿಸಿ, ಚೀಟಿ ಹಿಡಿದು, ಕಾರು ಮಾಡಿಕೊಂಡು ನಾನೇ ಹೋದೆ.

ನಮ್ಮೂರು ಮೆಟ್ರಿಯಲ್ಲಿ ಹಾಲಿನ ಡೇರಿ ನಡೆಸುವವಳು ನಾನು. ಹದಿನೆಂಟು ವರ್ಷದಿಂದ ನನಗೆ ಗೊತ್ತಿರುವ ವಿದ್ಯೆ ಒಂದೇ: ಕೆಡಬಾರದೆಂದರೆ ತಣ್ಣಗಿಡು. ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಹುಡುಗಿ ಹಳದಿ ದ್ರವದ ಚೀಲವನ್ನು ಡಬ್ಬಿಯಲ್ಲಿಟ್ಟು, "ಐಸ್ ಮಾತ್ರ ಹಾಕಬ್ಯಾಡ್ರಿ" ಎಂದಳು. ಹೂಂ ಎಂದೆ. ಹೊರಗೆ ಬಿಸಿಲು ಸುಡುತ್ತಿತ್ತು. ಎಸಿಯಲ್ಲಿ ಕೂತವಳಿಗೆ ಬಳ್ಳಾರಿ ಬಿಸಿಲು ಏನು ಗೊತ್ತು ಎಂದುಕೊಂಡು, ಜ್ಯೂಸ್ ಅಂಗಡಿಯಲ್ಲಿ ಐಸ್ ಕೊಂಡು ಡಬ್ಬಿಗೆ ತುಂಬಿಸಿದೆ. ನನ್ನಂಥ ಜಾಣೆ ಇಲ್ಲವೆಂದು ದಾರಿಯುದ್ದಕ್ಕೂ ಬೀಗಿದೆ.

ನರ್ಸ್ ಚೀಲ ಮುಟ್ಟಿ ನನ್ನ ಮುಖ ನೋಡಿದಳು.

"ಇದನ್ನ ಹಾಕಾಕ ಬರಂಗಿಲ್ರಿ."

ಯಾರೋ ಪುಣ್ಯಾತ್ಮರು ತೋಳು ಚಾಚಿ ಕೊಟ್ಟದ್ದನ್ನು, ಮಗಳ ಜೀವ ಉಳಿಸಬೇಕಾದದ್ದನ್ನು, ನನ್ನ ಮೊಂಡುಬುದ್ಧಿ ಹಾಳುಮಾಡಿತ್ತು. ಗಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯವರು ಫೋನ್ ಮಾಡಿದರು. ಅದೇ ಗುಂಪಿನದು ಇನ್ನೊಂದೇ ಚೀಲ ಉಳಿದಿತ್ತು. ಮತ್ತೆ ಬಳ್ಳಾರಿ. ಆ ಹುಡುಗಿಯ ಮುಂದೆ ಡೇರಿಯವಳೆಂದು ಹೇಳಿಕೊಂಡು ಅತ್ತೆ. ಅವಳು ನನ್ನನ್ನು ಗಾಜಿನ ಬಾಗಿಲಿನ ಕಪಾಟಿನ ಮುಂದೆ ನಿಲ್ಲಿಸಿದಳು. ಒಳಗೆ ತಟ್ಟೆಗಳು ಮೆಲ್ಲಗೆ ಆಚೀಚೆ ಸರಿದಾಡುತ್ತಿದ್ದವು, ಅವುಗಳ ಮೇಲೆ ಚೀಲಗಳು.

"ಇದು ಹಾಲು ಅಲ್ರಿ ಅಮ್ಮಾರ. ಇಪ್ಪತ್ತೆರಡು ಡಿಗ್ರಿ ಆಸುಪಾಸು ಇರಬೇಕು. ಅಲ್ಲಾಡ್ಕೊಂತ ಇರಬೇಕು, ಇಲ್ಲಂದ್ರ ಗಂಟು ಕಟ್ತಾವ. ತಂಪಿಗಿಟ್ರ ಮೈಯಾಗ ನಿಲ್ಲಂಗಿಲ್ಲ."

"ಎಷ್ಟು ದಿನ ಹಿಂಗ?"

"ಐದು ದಿನ. ಅಷ್ಟರೊಳಗ ಯಾರಿಗರ ಹಾಕಬೇಕು."

ಬರುವಾಗ ಕಾರಿನಲ್ಲಿ ಎಸಿ ಹಾಕಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವನ್ನು ತೂಗಿದಂತೆ ತೂಗುತ್ತಾ ಕೂತೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ. ನಗಲಿ ಬಿಡು ಅಂದುಕೊಂಡೆ.

ಸಂಜೆಯೊಳಗೆ ಚೀಲ ಖಾಲಿಯಾಯಿತು. ಮರುದಿನ ರಕ್ತ ನಿಂತಿತು, ಕೌಂಟ್ ಏರತೊಡಗಿತು. "ಇನ್ನೂ ಎರಡು ದಿನ ನೋಡೋಣ್ರಿ," ಎಂದರು ಡಾಕ್ಟರ್. ನನಗೆ ಅಷ್ಟೇ ಸಾಕಿತ್ತು.

ಗೌರಿ ಎದ್ದು ಕೂರುವಷ್ಟಾದ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಮುಚ್ಚಿಟ್ಟುಕೊಂಡು ಬದುಕುವುದು ನನ್ನಿಂದಾಗದು. ಅವಳು ಕಣ್ಣರಳಿಸಿ ಕೇಳಿದಳು.

"ಯವ್ವಾ, ನಿನಗ ಮನೀಗೆ ಹೋದ ಮ್ಯಾಲ ಬೈತೀನಿ. ಈಗ ಉಣ್ಣಾಕ ಏನರ ಕೊಡು."

ಜ್ವರ ಹಿಡಿದ ಮೇಲೆ ಅವಳು ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು.