ಮಿಸ್ತ್ರಿ ಕೂಡಿಸಿದ ಫೋರ್ಕ್

ಸವಣೂರಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿಯ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಅಂಜಬ್ಯಾಡ್ರಿ."

ಯುದ್ಧದ ಕಾಲದಲ್ಲಿ ನನ್ನ ಗಂಡನ ಫಟಫಟಿ ಮೋಟಾರ್ ಸೈಕಲ್ಲಿನ ಮುಂದಿನ ಗಾಲಿ ಹಿಡಿಯುವ ಫೋರ್ಕ್ ಮುರಿಯಿತು. ಹೊಸದು ತರಿಸುವ ತಾಕತ್ತು ನಮಗಿರಲಿಲ್ಲ. ಮಿಸ್ತ್ರಿ ಗುಜರಿಯಿಂದ ಬೇರೆ ಗಾಡಿಯ ಫೋರ್ಕ್ ತಂದು, ಕಾಸಿ ಬಡಿದು, ಬೆಸೆದು ಕೂಡಿಸಿದ. ತುಂಬು ಬಸುರಿ ನಾನು. ಅದರ ಹಿಂದೆ ಕುಳಿತೇ ತಿಳವಳ್ಳಿಯ ತವರಿಗೆ ಹೋಗಬೇಕಿತ್ತು.

ಹೊಟ್ಟೆಯ ಮೇಲಿನ ಕೈ ತೆಗೆಯದೆ ಕೇಳಿದೆ, "ನಿನ್ನ ಹೇಣ್ತೀನ ಇದರ ಮ್ಯಾಲ ಕುಂದರಸ್ತೀಯೇನು?"

"ಆಕಿ ಕುಂತ್ರ ಹೊಸಾದೂ ಮುರೀತೈತ್ರಿ. ಅಂಜಬ್ಯಾಡ್ರಿ."

ನಾನು ನಗಲಿಲ್ಲ. ಆಗ ಅವನು ತಾನೇ ಗಾಡಿ ಹತ್ತಿ, ಕೆರೆಯ ಇಳಿಜಾರಿನ ಕಡೆ ಹೊಡೆದುಕೊಂಡು ಹೋದ.

ತಿರುಗಿ ಬರುವಾಗ ಗಾಡಿಯನ್ನು ತಳ್ಳಿಕೊಂಡು ಬಂದ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಪಾನಾ ಹಚ್ಚಿ ಫೋರ್ಕಿನ ನಟ್ಟು ಬಿಚ್ಚತೊಡಗಿದ. ಬಿಚ್ಚುತ್ತಲೇ, ತಲೆ ಎತ್ತದೆ ಅಂದ:

"ಇದಕ್ಕ ಅಂಜಬೇಕ್ರಿ, ಅಕ್ಕಾರ. ಚಕ್ಕಡಿ ಕಟ್ಟಸ್ರಿ."